ಡೀಸೆಲ್ ಡ್ರೈವರನ ಕೈಗೆ ಕರೆಂಟ್ ಗೂಡ್ಸ್

"ನಿಮಗೊಬ್ಬರಿಗೇ ಯಾಕ್ರೀ ಹೀಗೆಲ್ಲಾ ಆಗೋದು?" ಎಂದು ನನ್ನ ಹೆಂಡತಿ ಕೇಳದ ವಾರವೇ ಇರುತ್ತಿರಲಿಲ್ಲ. ನನಗೊಬ್ಬನಿಗೇ ಆಗುತ್ತಿತ್ತೋ, ಎಲ್ಲರಿಗೂ ಆಗಿ ಉಳಿದವರು ಮನೆಯಲ್ಲಿ ಬಾಯಿ ಬಿಡುತ್ತಿರಲಿಲ್ಲವೋ, ಇವತ್ತಿಗೂ ಗೊತ್ತಿಲ್ಲ. ನಾನು ಹುಟ್ಟು ಪುಕ್ಕಲ. ಬೀಗ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುವವನು. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಹಲಸೂರು ಕೆರೆಯ ಹತ್ತಿರ ಬಸ್ಸಿಳಿದು ಮನೆಗೆ ವಾಪಸ್ ಬಂದವನು. ಇಂಥವನ ಕೈಗೆ ಸರ್ಕಾರ ಎರಡು ಸಾವಿರ ಟನ್ನಿನ ಗೂಡ್ಸ್ ಗಾಡಿ ಕೊಟ್ಟಿತ್ತು.

ಡೀಸೆಲ್ ಎಂಜಿನ್ ಇರುವವರೆಗೆ ಹೇಗೋ ನಡೆಯುತ್ತಿತ್ತು. ಹದಿನೈದು ವರ್ಷ ಓಡಿಸಿದ್ದೆ. ಅದರ ಸದ್ದು ಕೇಳಿದರೆ ಅದಕ್ಕೇನು ಬೇಕು ಎಂದು ತಿಳಿಯುತ್ತಿತ್ತು. ತೊಂಬತ್ತರ ದಶಕದಲ್ಲಿ ಮದ್ರಾಸ್ ಕಡೆಯಿಂದ ಕಂಬ ನೆಡುತ್ತಾ, ತಂತಿ ಎಳೆಯುತ್ತಾ ಬೆಂಗಳೂರಿನವರೆಗೆ ಬಂದುಬಿಟ್ಟರು. ಕೆ.ಆರ್. ಪುರಂ, ಬೈಯಪ್ಪನಹಳ್ಳಿ, ಕಂಟೋನ್ಮೆಂಟ್, ಎಲ್ಲೆಲ್ಲೂ ತಲೆಯ ಮೇಲೆ ತಂತಿ. ಅದರಲ್ಲಿ ಇಪ್ಪತ್ತೈದು ಸಾವಿರ ವೋಲ್ಟ್. ನಮ್ಮ ಮನೆಯ ಇಸ್ತ್ರಿಪೆಟ್ಟಿಗೆಯ ಪ್ಲಗ್ಗನ್ನೇ ನಾನು ರಬ್ಬರ್ ಚಪ್ಪಲಿ ಹಾಕಿಕೊಂಡು ತೆಗೆಯುತ್ತಿದ್ದೆ.

ಡ್ಯೂಟಿಗೆ ಸಹಿ ಹಾಕುವ ಕಚೇರಿಯ ಬೋರ್ಡಿನಲ್ಲಿ ಒಂದು ದಿನ ನೋಟೀಸು ಅಂಟಿತು. ಡೀಸೆಲ್ ಡ್ರೈವರುಗಳೆಲ್ಲ ಕರೆಂಟ್ ಎಂಜಿನ್ ಕಲಿಯಬೇಕು. ಮೊದಲು ಕ್ಲಾಸು, ಆಮೇಲೆ ಬಾಯಿ ಪರೀಕ್ಷೆ, ಆಮೇಲೆ ಇನ್‌ಸ್ಪೆಕ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಡಿ ಓಡಿಸಿ ತೋರಿಸುವುದು. ಅವರು ಸರ್ಟಿಫಿಕೇಟಿಗೆ ಸಹಿ ಹಾಕಿದರೆ ಬೆಂಗಳೂರಿನಲ್ಲೇ ಇರಬಹುದು. ಹಾಕದಿದ್ದರೆ ಇನ್ನೂ ತಂತಿ ಬಾರದ ಯಾವುದೋ ದೂರದ ಲೈನಿಗೆ ವರ್ಗ. ಹೆಂಡತಿ ಹಲಸೂರಿನ ಶಾಲೆಯೊಂದರಲ್ಲಿ ಟೀಚರ್, ಮಗಳು ಅದೇ ಶಾಲೆಯಲ್ಲಿ ಐದನೇ ಕ್ಲಾಸು. ಅವರು ರಾಮಮೂರ್ತಿ ನಗರದ ಬಾಡಿಗೆ ಮನೆಯಲ್ಲಿ, ನಾನು ಹೆಸರೇ ಕೇಳದ ಊರಿನ ರೆಸ್ಟ್ ರೂಮಿನಲ್ಲಿ. ಆ ನೋಟೀಸನ್ನು ನಾಲ್ಕು ಸಲ ಓದಿದೆ.

೧. ಅಲುಗದ ಟೀ

ಮೊದಲ ದಿನ ನೋಡಿ ಕಲಿಯುವ ಟ್ರಿಪ್ಪು. ಓಡಿಸುವವರು ಬೇರೆ, ನಾನು ಹಿಂದೆ ನಿಂತು ನೋಡಬೇಕು. ನಮಗೆ ಪಾಠ ಹೇಳುತ್ತಿದ್ದ ಇನ್‌ಸ್ಪೆಕ್ಟರೇ ಅವತ್ತು ಜೊತೆಗೆ ಬಂದಿದ್ದರು. ಧಾರವಾಡ ಕಡೆಯವರು, ದಪ್ಪ ಮೀಸೆ, ರಿಟೈರ್ ಆಗಲು ಹೆಚ್ಚು ವರ್ಷ ಉಳಿದಿರಲಿಲ್ಲ. ಸಹಿ ಹಾಕಬೇಕಾದ ಕೈಯೂ ಅವರದೇ. ಆದ್ದರಿಂದ ನಾನು ಅವರ ಮುಖಕ್ಕಿಂತ ಹೆಚ್ಚಾಗಿ ಅವರ ಬಲಗೈಯನ್ನೇ ನೋಡುತ್ತಿದ್ದೆ.

ಕೈಯಲ್ಲಿದ್ದ ಟೀ ಲೋಟವನ್ನು ಡ್ರೈವರ್ ಮುಂದಿನ ಹಲಗೆಯ ಮೇಲಿಟ್ಟೆ. ಡೀಸೆಲ್ಲಿನಲ್ಲಿ ಹಾಗೆ ಇಟ್ಟರೆ ಟೀ ತಾನಾಗಿ ಕುಣಿಯುತ್ತದೆ. ಎಂಜಿನ್ ಜೀವಂತವಾಗಿದೆ ಎನ್ನುವುದಕ್ಕೆ ನಮಗೆ ಅದೇ ಗುರುತು. ಇಲ್ಲಿ ನೋಡಿದರೆ ಟೀ ಅಲುಗುತ್ತಲೇ ಇಲ್ಲ. ಎಲ್ಲೋ ಹಿಂದಿನಿಂದ ಫ್ಯಾನು ತಿರುಗುವ ಸದ್ದು, ಅಷ್ಟೇ. ಎಂಜಿನ್ ಆಫ್ ಆಗಿದೆ, ಇವರು ಯಾರೂ ಗಮನಿಸಿಲ್ಲ, ಹೇಳಿದರೆ ಅಧಿಕಪ್ರಸಂಗ, ಹೇಳದಿದ್ದರೆ ತಪ್ಪು.

ಹಳೆಯ ಅಭ್ಯಾಸದಂತೆ ಕಿಟಕಿಯಿಂದ ಸೊಂಟದವರೆಗೆ ಹೊರಗೆ ಬಗ್ಗಿ ಎಂಜಿನ್ನಿನ ನೆತ್ತಿ ನೋಡಿದೆ. ಡೀಸೆಲ್ಲಾದರೆ ಅಲ್ಲಿ ಹೊಗೆ ಕಾಣಬೇಕು. ಹೊಗೆ ಕಪ್ಪಗಿದ್ದರೆ ಒಂದು ಅರ್ಥ, ತೆಳ್ಳಗಿದ್ದರೆ ಇನ್ನೊಂದು. ಇಲ್ಲಿ ಹೊಗೆಯೇ ಇಲ್ಲ.

"ಏನ್ ನೋಡಾಕತ್ತೀರಿ?" ಎಂದರು ಇನ್‌ಸ್ಪೆಕ್ಟರ್.

"ಹೊಗೆ ಸಾರ್. ಹೊಗೆ ಬರ್ತಾ ಇಲ್ಲ."

ಅವರು ನನ್ನ ಶರ್ಟು ಹಿಡಿದು ಮೆಲ್ಲಗೆ ಒಳಗೆ ಎಳೆದುಕೊಂಡರು. "ಈ ಎಂಜಿನ್ನಿನ್ಯಾಗ ಹೊಗಿ ಬಂದ್ರ ನನಗ ಲಗೂನ ಹೇಳ್ರಿ. ಇಬ್ಬರೂ ಕೂಡೇ ಇಳದು ಓಡೋಣು."

೨. ತಣ್ಣಗಿನ ಡಬ್ಬಿ

ಡೀಸೆಲ್ ಡ್ರೈವರನಿಗೆ ಇದ್ದ ದೊಡ್ಡ ಸುಖ ಬಿಸಿ ಊಟ. ಎಂಜಿನ್ನಿನ ಪಕ್ಕದಲ್ಲಿ ಕಾದ ಪೈಪು ಹಾದುಹೋಗುವ ಒಂದು ಜಾಗವಿರುತ್ತದೆ. ಬೈಯಪ್ಪನಹಳ್ಳಿಯಲ್ಲಿ ಅಲ್ಲಿ ಡಬ್ಬಿ ಇಟ್ಟರೆ ಬಂಗಾರಪೇಟೆ ಹೊತ್ತಿಗೆ ಸಾರು ಕುದಿಯುತ್ತಿರುತ್ತಿತ್ತು.

ಕಲಿಯುವ ಟ್ರಿಪ್ಪೊಂದರಲ್ಲಿ, ಕರೆಂಟ್ ಎಂಜಿನ್ನಿನಲ್ಲಿ ನಾನೂ ನನ್ನ ಅಸಿಸ್ಟೆಂಟೂ ಡಬ್ಬಿ ಹಿಡಿದುಕೊಂಡು ಒಳಗಿನ ಓಣಿಯಲ್ಲಿ ಮೂರು ಸಲ ಓಡಾಡಿದೆವು. ಅಸಿಸ್ಟೆಂಟ್ ಹಲಸೂರಿನವನು, ಮನೆಯಲ್ಲಿ ತಮಿಳು, ಹೊರಗೆ ಕನ್ನಡ, ಹೆಂಡತಿ ಮಕ್ಕಳಿದ್ದ ಗಟ್ಟಿ ಮನುಷ್ಯ. ನಾನು ಎಷ್ಟು ಹೆದರುತ್ತಿದ್ದೆನೋ ಅಷ್ಟೇ ನಿರಾಳವಾಗಿ ಇರುತ್ತಿದ್ದ. ಮುಟ್ಟಿದ ಕಡೆಯಲ್ಲೆಲ್ಲ ತಣ್ಣಗಿತ್ತು. ತಣ್ಣಗಿಲ್ಲದ ಕಡೆಯಲ್ಲೆಲ್ಲ ತಲೆಬುರುಡೆಯ ಚಿತ್ರವಿತ್ತು.

"ಸಾರ್, ಬ್ರೇಕ್ ಹಾಕಿದಾಗ ಕಾಯೋ ಕಂಬಿಗಳಿವೆಯಲ್ಲಾ, ಅದರ ಪಕ್ಕ ಇಟ್ರೆ ಐದೇ ನಿಮಿಷ ಸಾರ್" ಎಂದ.

"ಸಾರು ಬಿಸಿಯಾಗುತ್ತೆ, ತಿನ್ನೋಕೆ ನಾವಿರಲ್ಲ" ಎಂದೆ. ಅವತ್ತು ತಣ್ಣಗೆ ಹೆಪ್ಪುಗಟ್ಟಿದ ಹುರುಳಿಸಾರು ತಿಂದೆವು.

ಮನೆಗೆ ಬಂದು ಹೇಳಿದೆ. ಹೆಂಡತಿ ಡಬ್ಬಿ ತೊಳೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಎಷ್ಟು ವೋಲ್ಟ್ ಅಂದ್ರಿ?"

"ಇಪ್ಪತ್ತೈದು ಸಾವಿರ."

"ಇಪ್ಪತ್ತೈದು ಸಾವಿರ ವೋಲ್ಟಲ್ಲಿ ಒಂದು ಡಬ್ಬಿ ಸಾರು ಬಿಸಿ ಆಗಲ್ವಾ? ಯಾವ ಸೀಮೆ ಎಂಜಿನ್ ರೀ ಅದು! ನಮ್ಮ ಸೀಮೆಎಣ್ಣೆ ಸ್ಟೋವಿಗಿರೋ ಯೋಗ್ಯತೆ ಇಲ್ವಲ್ಲ ಅದಕ್ಕೆ."

ಮಾರನೆಯ ದಿನದಿಂದ ನನ್ನ ಡಬ್ಬಿಗೆ ತಣ್ಣಗೆ ತಿನ್ನಬಹುದಾದದ್ದು ಮಾತ್ರ ಬರತೊಡಗಿತು. ದೇಶಕ್ಕೆ ರೈಲು ವಿದ್ಯುದೀಕರಣದಿಂದ ಏನೇನು ಲಾಭವಾಯಿತೋ ನನಗೆ ಗೊತ್ತಿಲ್ಲ. ನಮ್ಮ ಮನೆಯ ಮಟ್ಟಿಗೆ ವಿದ್ಯುದೀಕರಣ ಎಂದರೆ ವಾರಕ್ಕೆ ಆರು ದಿನ ಪುಳಿಯೋಗರೆ.

೩. ಶಿವಾಜಿನಗರದ ಬೆಣೆ

ಈ ಎಂಜಿನ್ನಿನ ಹೊಟ್ಟೆಯಲ್ಲಿ ರಿಲೇ ಎಂಬ ಪುಟ್ಟ ಪುಟ್ಟ ಪೆಟ್ಟಿಗೆಗಳ ಒಂದು ಗೋಡೆಯೇ ಇದೆ. ಎಲ್ಲಾದರೂ ತೊಂದರೆಯಾದರೆ ಆಯಾ ಪೆಟ್ಟಿಗೆ ತಾನಾಗಿ ಕೆಲಸ ಮಾಡಿ ಎಂಜಿನ್ ನಿಲ್ಲಿಸುತ್ತದೆ. ಕೆಲವು ಸಲ ತೊಂದರೆ ಬೇರೆಲ್ಲೂ ಇರುವುದಿಲ್ಲ, ಆ ಪೆಟ್ಟಿಗೆಗೇ ಇರುತ್ತದೆ. ಆಗ ಅದಕ್ಕೊಂದು ಮರದ ಬೆಣೆ ಸಿಕ್ಕಿಸಿ, ಅದು ಅಲ್ಲಾಡದ ಹಾಗೆ ಮಾಡಿ, ಗಾಡಿಯನ್ನು ಮುಂದಿನ ಸ್ಟೇಷನ್ ಮುಟ್ಟಿಸಬೇಕು. ತಮಾಷೆಯಲ್ಲ, ನಮಗೆ ಕೊಟ್ಟ ಪುಸ್ತಕದಲ್ಲೇ ಹಾಗೆ ಬರೆದಿತ್ತು. ಕೋಟಿ ಬೆಲೆಯ ಎಂಜಿನ್ನು, ಬೆರಳುದ್ದದ ಮರದ ಚೂರು.

ಎಲ್ಲರೂ ಒಂದೋ ಎರಡೋ ಬೆಣೆ ಇಟ್ಟುಕೊಂಡರು. ನನಗೆ ಎರಡರಲ್ಲಿ ಸಮಾಧಾನವಾಗಲಿಲ್ಲ. ಒಂದು ಮುರಿದರೆ? ಇನ್ನೊಂದು ಬಿದ್ದುಹೋದರೆ? ಮೂರು ರಿಲೇ ಒಟ್ಟಿಗೆ ಕೈಕೊಟ್ಟರೆ? ಶಿವಾಜಿನಗರದ ರಸೆಲ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಹಳೆಯ ಮಂಚ ಕುರ್ಚಿ ರಿಪೇರಿ ಮಾಡುವ ಬಡಗಿ ಸಾಬರೊಬ್ಬರಿದ್ದರು. ಅವರ ಹತ್ತಿರ ಹೋಗಿ ಒಂದು ಡಜನ್ ಬೆಣೆ ಬೇಕು, ಒಳ್ಳೆಯ ಒಣಗಿದ ತೇಗದ್ದೇ ಆಗಬೇಕು ಎಂದೆ.

"ಕಾಯ್ಕೂ ಸಾಬ್? ಮೇಜ್ ಕೋ? ಬಾಗಿಲಿಗಾ?"

"ಇಲ್ಲ. ರೈಲ್ ಎಂಜಿನ್‌ಗೆ."

ಸಾಬರ ಕೈಯಲ್ಲಿದ್ದ ಉಳಿ ನಿಂತಿತು. ನನ್ನ ಮುಖ ನೋಡಿದರು, ಯೂನಿಫಾರ್ಮ್ ನೋಡಿದರು. ಪಕ್ಕದ ಅಂಗಡಿಯವನನ್ನು ಕರೆದು ನನ್ನನ್ನು ತೋರಿಸಿದರು. ನಾನು ರಿಲೇ ವಿಷಯವನ್ನೆಲ್ಲ ವಿವರಿಸಿದಷ್ಟೂ ಅವರ ಹುಬ್ಬು ಮೇಲೇರುತ್ತಾ ಹೋಯಿತು.

"ಅಂದ್ರೆ ಈ ಲಕಡಿ ಬಿದ್ದೋದ್ರೆ ರೈಲು ನಿಲ್ತದೆ?"

"ಹೂಂ, ಒಂದೊಂದ್ಸಲ."

"ನಮ್ದು ಬಹನ್ ನಾಳೆ ಮದ್ರಾಸಿಗೆ ಹೋಗ್ತಾಳೆ ಸಾಬ್, ಟಿಕೆಟ್ ಆಗ್ಬಿಟ್ಟಿದೆ. ನೀವು ಯಾವ ರೈಲು?"

"ನಂದು ಗೂಡ್ಸ್. ಗೊಬ್ಬರದ ಮೂಟೆ."

ಸಾಬರು ಆಕಾಶ ನೋಡಿ ದೊಡ್ಡದಾಗಿ ಉಸಿರು ಬಿಟ್ಟರು. ಹನ್ನೆರಡು ಬೆಣೆಯನ್ನೂ ಕೂತಲ್ಲೇ ಕೆತ್ತಿ ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟು, "ತಗೊಳ್ಳಿ ಸಾಬ್, ದುಡ್ಡು ಬೇಡ. ಆದ್ರೆ ಯಾವತ್ತೂ ಪ್ಯಾಸೆಂಜರ್ ಗಾಡಿಗೆ ಹೋಗ್ಬೇಡಿ" ಎಂದರು.

೪. ಏಡಿ

ಬಾಯಿ ಪರೀಕ್ಷೆಯ ದಿನ ಬೆಳಗ್ಗೆ ನನಗೆ ಜ್ವರ ಬಂದಂತಾಗಿತ್ತು. ರಿಲೇಗಳ ಹೆಸರು, ನಂಬರು, ಯಾವುದು ಬಿದ್ದರೆ ಏನು, ಎಲ್ಲವನ್ನೂ ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆ. ಮಗಳು ಪುಸ್ತಕ ಹಿಡಿದು ಕೇಳುತ್ತಿದ್ದಳು. ಕೊನೆಕೊನೆಗೆ ಅವಳಿಗೇ ಎಲ್ಲ ಬರುತ್ತಿತ್ತು.

ಇನ್‌ಸ್ಪೆಕ್ಟರ ಕೋಣೆಯ ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಕಪ್ಪುಬಿಳುಪು ಫೋಟೋ ಇತ್ತು. ವಿಚಿತ್ರವಾದ ಎಂಜಿನ್ನು. ಮುಂದೊಂದು ಉದ್ದ ಮೂಗು, ಹಿಂದೊಂದು ಉದ್ದ ಮೂಗು, ನಡುವೆ ಡ್ರೈವರ್ ಕೂರುವ ಗೂಡು. ನೆತ್ತಿಯ ಮೇಲೆ ತಂತಿಯಿಂದ ಕರೆಂಟು ತೆಗೆಯುವ ಕಬ್ಬಿಣದ ಕೈಗಳು, ಕೆಳಗೆ ನೋಡಿದರೆ ಉಗಿ ಎಂಜಿನ್ನಿನ ಹಾಗೆ ಚಕ್ರದಿಂದ ಚಕ್ರಕ್ಕೆ ಕಬ್ಬಿಣದ ಸರಳು. ನಾನು ಕುರ್ಚಿಯ ತುದಿಯಲ್ಲಿ ಕೂತು, ಮೊದಲ ರಿಲೇಯನ್ನು ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡು ಕಾಯುತ್ತಿದ್ದೆ.

"ಇದು ಏನ್ ಗೊತ್ತೇನ್ರಿ?" ಎಂದು ಫೋಟೋ ತೋರಿಸಿದರು.

ಗೊತ್ತಿಲ್ಲ ಎಂದು ತಲೆಯಾಡಿಸಿದೆ. ಅಲ್ಲಿಂದ ಶುರುವಾಯಿತು ನೋಡಿ. ಅವರ ತಂದೆ ಬೊಂಬಾಯಿ ಕಡೆಯ ಘಾಟಿನಲ್ಲಿ ಡ್ರೈವರಾಗಿದ್ದರಂತೆ. ಕರೆಂಟೆಂದರೆ ಟ್ರಾಮಿಗೆ ಸರಿ, ಗೂಡ್ಸ್ ಎಳೆಯುವುದು ಅದರ ಕೈಲಾಗದ ಕೆಲಸ ಎಂದು ನಗುತ್ತಿದ್ದ ಕಾಲವಂತೆ ಅದು. ಘಾಟಿನ ಸುರಂಗಗಳಲ್ಲಿ ಉಗಿ ಎಂಜಿನ್ನಿನ ಹೊಗೆ ಕುಡಿದು ಜನ ಕೆಮ್ಮಿ ಸಾಯುತ್ತಿದ್ದಾಗ ಈ ಎಂಜಿನ್ ಬಂದು, ಹೊಗೆಯಿಲ್ಲದೆ, ಮಾಲು ತುಂಬಿದ ಗಾಡಿಗಳನ್ನು ಮೇಲಕ್ಕೆ ಎಳೆದು ಹಾಕಿತಂತೆ. ಆದರೂ ಉಗಿ ಎಂಜಿನ್ನಿನಿಂದ ಬಂದ ಡ್ರೈವರುಗಳಿಗೆ ನಂಬಿಕೆ ಬರಲಿಲ್ಲವಂತೆ. ಕೂರಲು ಸೀಟಿದ್ದರೂ ಮೊದಮೊದಲು ಎಲ್ಲರೂ ನಿಂತೇ ಓಡಿಸುತ್ತಿದ್ದರಂತೆ.

"ನಮ್ಮಪ್ಪನೂ ನಿಮ್ಮಂಗ ಅಂಜುತಿದ್ದ" ಎಂದರು ಪ್ರೀತಿಯಿಂದ. ನನಗೆ ಆ ಅಪ್ಪನ ಮೇಲೆ ಬಹಳ ಅಭಿಮಾನ ಬಂತು.

"ಈ ಎಂಜಿನ್ನಿಗೆ ಅಲ್ಲಿ ಮಂದಿ ಏಡಿ ಅಂತಿದ್ರು. ಯಾಕ ಹೇಳ್ರಿ ನೋಡೋಣು?"

ಇದು ಪುಸ್ತಕದಲ್ಲಿರಲಿಲ್ಲ. ಸುಮ್ಮನಿದ್ದರೆ ಫೇಲು ಎಂದುಕೊಂಡು ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. "ಅಡ್ಡಡ್ಡ ಹೋಗ್ತಿತ್ತಾ ಸಾರ್?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆ ಸರಳುಗಳು ಏಡಿಯ ಕಾಲಿನ ಹಾಗೆ ಆಡುತ್ತಿದ್ದವು, ಅದಕ್ಕೇ ಇರಬೇಕು ಎಂದು ತಿಳಿಸಿ ಹೇಳಿದರು. ಆಮೇಲೆ ಇನ್ನೊಂದು ಕೇಳಿದರು.

"ಇರಲಿ. ನಮ್ಮ ಗೂಡ್ಸ್ ಎಂಜಿನ್ನಿನ ಮ್ಯಾಲೆ ಎರಡು ಕೈ ಅದಾವ. ಒಂದು ಸಲಕ್ಕ ತಂತಿ ಮುಟ್ಟೂದು ಹಿಂದಿಂದು ಒಂದ. ಮುಂದಿಂದು ಯಾಕ?"

"ಒಂದು ಕೆಟ್ರೆ ಇನ್ನೊಂದು ಇರ್ಲಿ ಅಂತ ಸಾರ್."

"ಅಷ್ಟ ಏನು?"

"ಅಷ್ಟೇ ಸಾರ್."

"ಇನ್ನೊಂದು ಉಪಯೋಗ ಐತಿ. ಮನೀಗೆ ಹೋಗಿ ವಿಚಾರ ಮಾಡ್ರಿ" ಎಂದು ಏನೋ ಬರೆದುಕೊಂಡರು. ರಿಲೇ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಅಂತೂ ಪಾಸು ಮಾಡಿದರು. ಬಾಗಿಲ ಹತ್ತಿರ ಹೋದವನನ್ನು ಮತ್ತೆ ಕರೆದರು.

"ಮತ್ತ ಒಂದು ಮಾತು ನೆನಪಿಡ್ರಿ. ಎಂಜಿನ್ ಅಡ್ಡಡ್ಡ ಹೋದ್ರ ಅದಕ್ಕ ಏಡಿ ಅನ್ನಂಗಿಲ್ರಿ. ಆ್ಯಕ್ಸಿಡೆಂಟ್ ಅಂತಾರ."

೫. ಮೂರು ಗಂಟೆ ಮೊದಲು

ಬಾಯಿ ಪರೀಕ್ಷೆ ಮುಗಿಯಿತು. ಉಳಿದದ್ದು ಓಡಿಸಿ ತೋರಿಸುವುದು. ಅದಕ್ಕೆ ಮುಂಚಿನ ಒಂದು ಕಲಿಯುವ ಟ್ರಿಪ್ಪಿನ ಕಥೆ ಇದು. ಓಡಿಸುವವರು ಆಮೇಲೆ ಬಂದು ಹತ್ತಬೇಕಿತ್ತು, ಎಂಜಿನ್ ಎಬ್ಬಿಸಿಡುವ ಕೆಲಸ ಮಾತ್ರ ನನ್ನದು.

ಬೈಯಪ್ಪನಹಳ್ಳಿ ಯಾರ್ಡಿನಲ್ಲಿ ನಮ್ಮ ಎಂಜಿನ್ ನಿಂತಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಹೊರಡಬೇಕು. ನಾನು ಬೆಳಗ್ಗೆ ಒಂಬತ್ತಕ್ಕೇ ಹೋಗಿ ಹತ್ತಿದೆ. ಒಳಗಿನ ಓಣಿ ಕತ್ತಲೆ. ಇದ್ದಬದ್ದ ದೀಪಗಳನ್ನೆಲ್ಲ ಹಾಕಿಕೊಂಡು, ರಿಲೇಗಳ ಮುಂದೆ ನೋಟ್‌ಬುಕ್ ಹಿಡಿದು ಕೂತು, ಒಂದೊಂದನ್ನೂ ಮುಟ್ಟಿ ಮುಟ್ಟಿ ಓದಿದೆ. ಹನ್ನೆರಡು ಬೆಣೆಗಳನ್ನೂ ಸಾಲಾಗಿ ಜೋಡಿಸಿದೆ. ಇಷ್ಟು ತಯಾರಿ ಮಾಡಿಕೊಂಡ ಡ್ರೈವರು ಈ ಲೈನಿನಲ್ಲೇ ಇಲ್ಲ ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ.

ಹನ್ನೆರಡಕ್ಕೆ ಅಸಿಸ್ಟೆಂಟ್ ಬಂದ. ಪ್ಯಾಂಟೋ, ಅಂದರೆ ನೆತ್ತಿಯ ಮೇಲಿನ ಕಬ್ಬಿಣದ ಕೈ, ಏಳಿಸಲು ಹೋದೆವು. ಅದು ಏಳಲು ಗಾಳಿ ಬೇಕು. ಗಾಳಿ ತುಂಬುವ ಚಿಕ್ಕ ಪಂಪಿಗೆ ಬ್ಯಾಟರಿ ಬೇಕು. ಬ್ಯಾಟರಿ ಮೊದಲೇ ಹಳೆಯದು, ಮಿಕ್ಕಿದ್ದನ್ನೆಲ್ಲ ನಾನು ಮೂರು ಗಂಟೆ ದೀಪ ಉರಿಸಿ ಓದಿ ಮುಗಿಸಿದ್ದೆ. ತಲೆಯ ಮೇಲೆ ಎರಡು ಗೇಣು ದೂರದಲ್ಲಿ ಇಪ್ಪತ್ತೈದು ಸಾವಿರ ವೋಲ್ಟ್ ಹರಿಯುತ್ತಿದೆ, ಅದನ್ನು ಮುಟ್ಟಲು ಎಂಜಿನ್ನಿಗೆ ಕೈ ಎತ್ತುವ ಶಕ್ತಿ ಇಲ್ಲ.

ಯಾರ್ಡಿನ ಪಕ್ಕದ ರಸ್ತೆಯಲ್ಲಿ ಆಟೋ ನಿಲ್ಲಿಸಿಕೊಂಡು ಬೀಡಿ ಸೇದುತ್ತಿದ್ದ ಡ್ರೈವರೊಬ್ಬ ಎಲ್ಲವನ್ನೂ ನೋಡುತ್ತಿದ್ದ. "ಏನಾಯ್ತು ಗುರು?" ಎಂದು ಕೂಗಿದ.

"ಬ್ಯಾಟರಿ ಡೌನ್" ಎಂದ ನಮ್ಮ ಅಸಿಸ್ಟೆಂಟ್.

"ಸೆಕೆಂಡ್ ಗೇರ್‌ಗೆ ಹಾಕ್ಕೊಳಿ, ನಾವು ನಾಲ್ಕು ಜನ ತಳ್ತೀವಿ!"

ನನಗೆ ಅಳು ಬರುವುದೊಂದು ಬಾಕಿ. ಇದು ಇನ್‌ಸ್ಪೆಕ್ಟರ ಕಿವಿಗೆ ಬಿದ್ದರೆ ಸಹಿಯ ಕಥೆ ಏನು? ಕೊನೆಗೆ ಹಳೆಯ ಡೀಸೆಲ್ ಎಂಜಿನ್ನೊಂದು ಗುಡುಗುತ್ತಾ ಬಂದು ನಮ್ಮನ್ನು ಕೊಂಡಿ ಹಾಕಿಕೊಂಡು ಎಳೆಯಿತು. ಅದರ ಡ್ರೈವರ್ ನನ್ನ ಜೊತೆಗೇ ಕೆಲಸಕ್ಕೆ ಸೇರಿದವನು. ಕಿಟಕಿಯಿಂದ ತಲೆ ಹಾಕಿ ಹಿಂದೆ ನೋಡಿದ.

"ಯಾಕೋ ಮಗಾ, ಹೊಗೆ ನೋಡ್ಬೇಕು ಅನ್ನಿಸ್ತಾ?" ಎಂದು, ಬೇಕೆಂದೇ ಒಂದು ಕರೀ ಹೊಗೆಯ ಮೋಡವನ್ನು ನನ್ನ ಮುಖಕ್ಕೆ ಬಿಟ್ಟ.

೬. ಸತ್ತ ತಂತಿ

ಇನ್ನು ನನ್ನ ನಿಜವಾದ ಭಯಕ್ಕೆ ಬರುತ್ತೇನೆ. ಹೊಗೆ, ಡಬ್ಬಿ, ಬೆಣೆ ಎಲ್ಲ ಸಣ್ಣಪುಟ್ಟದ್ದು.

ಮೇಲಿನ ತಂತಿಯಲ್ಲಿ ಕರೆಂಟು ಉದ್ದಕ್ಕೂ ಒಂದೇ ಕಡೆಯಿಂದ ಬರುವುದಿಲ್ಲ. ಇಷ್ಟು ದೂರಕ್ಕೆ ಒಂದು ಸಬ್‌ಸ್ಟೇಷನ್, ಆಮೇಲೆ ಇನ್ನೊಂದು. ಎರಡರ ನಡುವೆ ಕೆಲವೇ ಮೀಟರ್ ತಂತಿಯಲ್ಲಿ ಕರೆಂಟೇ ಇರುವುದಿಲ್ಲ. ನಾವು ಅದನ್ನು ಸತ್ತ ತಂತಿ ಎನ್ನುತ್ತಿದ್ದೆವು. ಅದು ಬರುವ ಮೊದಲು ದಾರಿಬದಿಯಲ್ಲಿ ಬೋರ್ಡುಗಳಿರುತ್ತವೆ. ಮೊದಲ ಬೋರ್ಡು ಬರೀ ಎಚ್ಚರಿಕೆಗೆ. ಕೊನೆಯ ಬೋರ್ಡಿನಲ್ಲಿ ಡ್ರೈವರು ಎಂಜಿನ್ನಿನ ದೊಡ್ಡ ಸ್ವಿಚ್ಚು ಆರಿಸಬೇಕು. ಆರಿಸದೆ ನುಗ್ಗಿದರೆ ಕಿಡಿ ಹಾರಿ ತಂತಿಯೇ ಸುಟ್ಟುಹೋದೀತು. ಗಾಡಿ ಬಂದ ವೇಗದಲ್ಲೇ ಜಾರಿಕೊಂಡು ಸತ್ತ ತಂತಿ ದಾಟಬೇಕು. ದಾಟಿದ ಮೇಲೆ ಸ್ವಿಚ್ಚು ಹಾಕಬೇಕು. ವೇಗ ಸಾಲದೆ ಅದರ ಕೆಳಗೇ ನಿಂತರೆ ಕಥೆ ಮುಗಿಯಿತು. ಎಂಜಿನ್ನು ಕಲ್ಲು. ಬೇರೆ ಎಂಜಿನ್ ಬಂದು ತಳ್ಳಬೇಕು, ಅಷ್ಟು ಹೊತ್ತು ಲೈನೆಲ್ಲ ಬಂದ್, ಆಮೇಲೆ ವಿಚಾರಣೆ.

ಇದನ್ನು ಕೇಳಿದ ದಿನದಿಂದ ಮನೆಯಲ್ಲಿ ನಡೆದಾಡುವಾಗಲೂ ನನಗೆ ಅದೇ. ನಡುಮನೆಯಿಂದ ಅಡುಗೆಮನೆಗೆ ಹೋಗುವ ದಾರಿಯಲ್ಲಿ ಒಂದು ಸ್ವಿಚ್ ಬೋರ್ಡಿತ್ತು. ದೀಪ ಆರಿಸುವುದು, ಮೂರು ಹೆಜ್ಜೆ ಜಾರುವುದು, ಆಚೆ ಕಡೆಯ ದೀಪ ಹಾಕುವುದು. ಹೆಂಡತಿ ಮೊದಲು ಬೈದಳು, ಆಮೇಲೆ ಸುಮ್ಮನಾದಳು. ಒಂದು ದಿನ ಮಗಳು ಆ ಗೋಡೆಗೆ "ಎಚ್ಚರಿಕೆ, ಅಪ್ಪ ಸ್ವಿಚ್ ಆರಿಸುವ ಜಾಗ" ಎಂದು ಕಾಗದ ಅಂಟಿಸಿದಳು.

ಓಡಿಸಿ ತೋರಿಸುವ ದಿನ ಬಂತು. ಬಂಗಾರಪೇಟೆ ಕಡೆಯಿಂದ ಬೆಂಗಳೂರಿಗೆ ಗೊಬ್ಬರದ ಮೂಟೆ ತುಂಬಿದ ಗಾಡಿ. ಬೆಳಗಿನ ಹೊತ್ತು. ನಾನು ಸೀಟಿನಲ್ಲಿ, ಅಸಿಸ್ಟೆಂಟ್ ಎಡಗಡೆ, ಇನ್‌ಸ್ಪೆಕ್ಟರ್ ಹಿಂದೆ ಸ್ಟೂಲಿನ ಮೇಲೆ ಪ್ಯಾಡು ಹಿಡಿದು. ಹೊರಡುವಾಗ ಹೆಂಡತಿ ಹೇಳಿದ್ದು ಒಂದೇ ಮಾತು: "ಸಹಿ ಹಾಕಿಸ್ಕೊಂಡು ಬನ್ನಿ. ನಿಮ್ಮನ್ನ ಬೇರೆ ಊರಿಗೆ ಕಳಿಸೋ ಆಸೆ ನನಗಿಲ್ಲ."

ವೈಟ್‌ಫೀಲ್ಡ್ ದಾಟಿದ ಮೇಲೆ ಒಂದು ಸಿಗ್ನಲ್ಲಿನಲ್ಲಿ ನಿಲ್ಲಿಸಿದರು. ಬಿಟ್ಟ ಮೇಲೆ ಗಾಡಿ ಇನ್ನೂ ವೇಗ ಹಿಡಿಯುತ್ತಿತ್ತು. ದಾರಿ ಬೆಂಗಳೂರಿನ ಕಡೆಗೆ ಸ್ವಲ್ಪ ಸ್ವಲ್ಪವೇ ಏರುತ್ತದೆ, ಕಣ್ಣಿಗೆ ಕಾಣದಷ್ಟು. ಅಷ್ಟರಲ್ಲಿ ಸತ್ತ ತಂತಿಯ ಮೊದಲ ಬೋರ್ಡು ಕಂಡಿತು. ಬರೀ ಎಚ್ಚರಿಕೆಯ ಬೋರ್ಡು. ಅದು ಕಂಡದ್ದೇ ತಡ, ತಿಂಗಳುಗಟ್ಟಲೆ ಅಡುಗೆಮನೆ ಬಾಗಿಲಲ್ಲಿ ಪಳಗಿದ ನನ್ನ ಕೈ ತಾನಾಗಿ ಹೋಗಿ ದೊಡ್ಡ ಸ್ವಿಚ್ಚು ಆರಿಸಿಬಿಟ್ಟಿತು.

ಫ್ಯಾನುಗಳು ನಿಂತು ಕ್ಯಾಬು ನಿಶ್ಶಬ್ದವಾಯಿತು.

"ಸಾರ್" ಎಂದ ಅಸಿಸ್ಟೆಂಟ್ ಮೆಲ್ಲಗೆ. "ಇನ್ನೂ ಅರ್ಧ ಕಿಲೋಮೀಟರ್ ಇತ್ತು ಸಾರ್."

ಆಗಲಾದರೂ ಮತ್ತೆ ಸ್ವಿಚ್ಚು ಹಾಕಬಹುದಿತ್ತು. ಬುದ್ಧಿ ಹೇಳುತ್ತಿತ್ತು, ಕೈ ಕೇಳಲಿಲ್ಲ. ಸತ್ತ ತಂತಿಗೆ ಬೆಂಕಿ ಹಚ್ಚಿದವನು ಎಂದು ಹೆಸರಾದೀತು ಎಂಬ ಭಯ. ವೇಗದ ಮುಳ್ಳು ಮೂವತ್ತರಿಂದ ಇಪ್ಪತ್ತಕ್ಕೆ ಇಳಿಯಿತು. ಇಪ್ಪತ್ತರಿಂದ ಹತ್ತಕ್ಕೆ. ಎರಡನೇ ಬೋರ್ಡು ಬಂತು, ಹೋಯಿತು. ಕೊನೆಯ ಬೋರ್ಡು ಅತಿಥಿಯ ಹಾಗೆ ನಿಧಾನವಾಗಿ ಬಂತು. ನಾನು ಸೀಟಿನಲ್ಲಿ ಮುಂದೆ ಮುಂದೆ ವಾಲಿ, ನನ್ನ ತೂಕದಿಂದಲಾದರೂ ಎಳೆಯೋಣವೆಂದು ನೋಡಿದೆ. ಎರಡು ಸಾವಿರ ಟನ್ ಗೊಬ್ಬರ ಒಂದು ಸಲ ಕಿರ್ ಎಂದು ನಿಂತುಬಿಟ್ಟಿತು. ಉರುಳಿ ಹಿಂದೆ ಹೋಗದಂತೆ ಬ್ರೇಕು ಹಾಕಿದೆ. ಅದೊಂದು ಕೆಲಸವನ್ನು ಸರಿಯಾಗಿ ಮಾಡಿದೆ.

ಕಣ್ಣ ಮುಂದೆ ಹೆಂಡತಿ ನನ್ನ ಗಂಟುಮೂಟೆ ಕಟ್ಟುತ್ತಿರುವುದು ಕಂಡಿತು. ಹಿಂದೆ ತಿರುಗಿ ನೋಡಲು ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ವಾಕಿಟಾಕಿ ಕಿರುಚಿತು. ಗಾಡಿಯ ಬಾಲದಲ್ಲಿದ್ದ ಗಾರ್ಡ್. "ಡ್ರೈವರ್ ಸಾರ್, ನಾವು ಲೆವೆಲ್ ಕ್ರಾಸಿಂಗ್ ಮೇಲೆ ನಿಂತಿದೀವಿ. ಎರಡು ಕಡೆ ಗೇಟು ಹಾಕಿದೆ, ಬಸ್ಸು ಲಾರಿ ಎಲ್ಲಾ ನಿಂತಿದೆ. ಏನ್ ಹೇಳ್ಲಿ?"

"ಎರಡು ನಿಮಿಷ ಅಂತ ಹೇಳಿ."

"ಹೇಳ್ದೆ. ಕನ್ನಡದಲ್ಲಿ ಬೈದ್ರು. ಈಗ ತಮಿಳಲ್ಲಿ ಶುರು ಮಾಡಿದಾರೆ. ಉರ್ದುವಿನವರು ಕ್ಯೂನಲ್ಲಿದಾರೆ."

ಕೊನೆಗೂ ತಿರುಗಿ ನೋಡಿದೆ. ಇನ್‌ಸ್ಪೆಕ್ಟರ್ ಪ್ಯಾಡಿನ ಮೇಲೆ ಪೆನ್ನಿಟ್ಟುಕೊಂಡು ಕಲ್ಲಿನ ಹಾಗೆ ಕೂತಿದ್ದರು. ಮೀಸೆಯ ಮೇಲೆ ಬೆವರು ಹನಿ. ಇಷ್ಟು ಕೋಪ ಬಂದಿದೆಯಲ್ಲ ದೇವರೇ ಎಂದುಕೊಂಡೆ.

"ಸಾರ್, ಏನ್ ಮಾಡ್ಲಿ?"

"ನಾ ಏನೂ ಹೇಳಂಗಿಲ್ರಿ" ಎಂದರು ಗಂಟಲು ಸರಿಮಾಡಿಕೊಂಡು. "ಪರೀಕ್ಷಾ ನಿಮ್ದು."

ಅಸಿಸ್ಟೆಂಟ್ ಇಳಿದುಹೋಗಿ ಕೆಳಗಿನಿಂದ ಮೇಲೆ ನೋಡಿ ಕೂಗಿದ. "ಸಾರ್, ಕರೆಕ್ಟಾಗಿ ನಿಲ್ಸಿದೀರ ಸಾರ್! ಹಿಂದಿನ ಪ್ಯಾಂಟೋ ಸತ್ತ ತಂತಿ ನಡುಮಧ್ಯ ಇದೆ. ಮುಂದಿಂದು ದಾಟ್ಬಿಟ್ಟಿದೆ!"

ಮುಂದಿನದು ದಾಟಿದೆ. ಎರಡು ಕೈ. ಒಂದು ಸಲಕ್ಕೆ ಮುಟ್ಟುವುದು ಹಿಂದಿನದೊಂದೇ, ಮುಂದಿನದು ಯಾಕೆ? ಅಷ್ಟೇ ಏನು? ಇನ್ನೊಂದು ಉಪಯೋಗ ಇದೆ, ಮನೆಗೆ ಹೋಗಿ ಯೋಚಿಸಿ. ಮನೆಗೆ ಹೋಗಿ ನಾನು ಯೋಚಿಸಿರಲಿಲ್ಲ, ಪಾಸಾದ ಖುಷಿಯಲ್ಲಿ ಮಲಗಿಬಿಟ್ಟಿದ್ದೆ. ಈಗ ಹೊಳೆಯಿತು.

"ಸಾರ್! ಹಿಂದಿನ ಕೈ ಇಳಿಸಿ ಮುಂದಿನ ಕೈ ಎತ್ತಿದ್ರೆ ಮುಂದಿನ ತಂತಿಯ ಕರೆಂಟು ಸಿಗುತ್ತೆ ಸಾರ್!"

ಇನ್‌ಸ್ಪೆಕ್ಟರ್ ಸ್ಟೂಲಿನಿಂದ ಎದ್ದೇ ಬಿಟ್ಟರು. "ಎತ್ರಿ! ಎತ್ರಿ! ಲಗೂ ಎತ್ರಿ!"

ಅಸಿಸ್ಟೆಂಟ್ ಹತ್ತಿದ ಮೇಲೆ ಹಿಂದಿನ ಕೈ ಇಳಿಸಿ ಮುಂದಿನದನ್ನು ಎತ್ತಿದೆ. ತಂತಿ ಮುಟ್ಟಿದ ಸದ್ದು ಕೇಳಿಸಿತು. ಸ್ವಿಚ್ಚು ಹಾಕಿದೆ. ಫ್ಯಾನುಗಳು ಒಂದೊಂದಾಗಿ ಎದ್ದವು. ಅಷ್ಟು ಚೆಂದದ ಸದ್ದನ್ನು ನಾನು ನನ್ನ ಮದುವೆಯ ವಾಲಗದಲ್ಲೂ ಕೇಳಿರಲಿಲ್ಲ. ಬ್ರೇಕು ಸಡಿಲಿಸಿ, ಚಕ್ರ ಜಾರದಂತೆ ಹಳಿಗೆ ಮರಳು ಬಿಟ್ಟು ಮೆಲ್ಲಗೆ ಎಳೆದೆ. ಗಾಡಿ ಒಂದು ಸಲ ನಡುಗಿ, ಹೊರಟಿತು. ವಾಕಿಟಾಕಿಯಲ್ಲಿ ಗಾರ್ಡ್ ಹೇಳಿದ, "ಥ್ಯಾಂಕ್ಸ್ ಸಾರ್. ಉರ್ದುವಿನವರು ಆಗಷ್ಟೇ ಶುರು ಮಾಡಿದ್ರು."

ಬೈಯಪ್ಪನಹಳ್ಳಿ ಯಾರ್ಡಿನಲ್ಲಿ ಗಾಡಿ ನಿಲ್ಲಿಸಿ, ಎದ್ದು, ಕೈಕಟ್ಟಿ ನಿಂತೆ. ಇನ್‌ಸ್ಪೆಕ್ಟರ್ ಬಹಳ ಹೊತ್ತು ಬರೆದರು. ಅಸಿಸ್ಟೆಂಟನನ್ನು ಟೀ ತರಲು ಕಳಿಸಿದರು. ಅವನು ಹೋದ ಮೇಲೆ ಕ್ಯಾಬಿನ ಬಾಗಿಲು ಮುಂದೆ ಮಾಡಿದರು.

"ಯಾರಿಗೂ ಹೇಳಬ್ಯಾಡ್ರಿ" ಎಂದರು. "ನೀವು ಹೇಳೂತನಕ ನನಗೂ ಹೊಳೀಲಿಲ್ಲ."

"ಸಾರ್, ಪಾಠ ಮಾಡಿದ್ದೇ ನೀವು!"

"ಎಷ್ಟೋ ವರ್ಷದಿಂದ ಪಾಠ ಮಾಡಾಕತ್ತೀನಿ. ಒಮ್ಮಿನೂ ನಿಂತಿರಲಿಲ್ರಿ. ನಾ ಕ್ಯಾಬಿನ್ಯಾಗ ಇದ್ದಾಗ ಗಾಡಿ ನಿಂತ್ರ ಮೊದಲ ಕೇಳೂದು ಯಾರನ್ನ? ನನ್ನ. ರಿಟೈರ್ಮೆಂಟು ಹತ್ರ ಬಂದೈತಿ. ನನ್ನ ಜೀವ ಬಾಯಿಗೆ ಬಂದಿತ್ತು."

ಪ್ಯಾಡು ನನ್ನ ಕಡೆ ತಿರುಗಿಸಿದರು. ಸಹಿ ಇತ್ತು. ಮೇಲೆ ಇಂಗ್ಲಿಷಿನಲ್ಲಿ ಬರೆದದ್ದರ ಸಾರಾಂಶ ಇಷ್ಟು: ಈ ಡ್ರೈವರ್ ಸತ್ತ ತಂತಿಯ ಕೆಳಗೆ ನಿಂತಾಗ ಏನು ಮಾಡಬೇಕು ಎಂಬುದನ್ನು ನಿಜವಾದ ಗಾಡಿಯಲ್ಲೇ ಮಾಡಿ ತೋರಿಸಿರುತ್ತಾರೆ, ಅತ್ಯಂತ ತೃಪ್ತಿಕರ.

ಆ ದಿನ ಮನೆಗೆ ಹೋಗಿ ಮಗಳು ಅಂಟಿಸಿದ್ದ ಕಾಗದವನ್ನು ಗೋಡೆಯಿಂದ ಕಿತ್ತೆ. ಹೆಂಡತಿ ಎರಡು ಸಲ ಸರ್ಟಿಫಿಕೇಟು ಓದಿ, ಕಣ್ಣೊರೆಸಿಕೊಂಡು, ಬಿಸಿ ಸಾರು ಮಾಡಿದಳು.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಒಂದು ತಿಂಗಳ ಮೇಲೆ ಕಚೇರಿಯಿಂದ ಕರೆ ಬಂತು. ಆ ವರದಿ ಯಾವುದೋ ದೊಡ್ಡ ಸಾಹೇಬರ ಮೇಜಿನವರೆಗೆ ಹೋಗಿ ಅವರಿಗೆ ಬಹಳ ಹಿಡಿಸಿಬಿಟ್ಟಿತ್ತು. ಇನ್‌ಸ್ಪೆಕ್ಟರೂ ಅಲ್ಲೇ ಕೂತಿದ್ದರು, ನನ್ನ ಕಣ್ಣು ತಪ್ಪಿಸಿ ಫ್ಯಾನು ನೋಡುತ್ತಾ.

"ಬಹಳ ಒಳ್ಳೆ ಕೆಲಸ ಮಾಡಿದೀರಿ" ಎಂದರು ಸಾಹೇಬರು. "ಹೊಸ ಬ್ಯಾಚು ಬರ್ತಾ ಇದೆ. ಇಪ್ಪತ್ತು ಜನ. ಅವರ ಮುಂದೆ ಅದೇ ಥರ ಇನ್ನೊಂದು ಸಲ ನಿಲ್ಲಿಸಿ ತೋರಿಸ್ಬೇಕು. ಹಿಂದಿನ ಪ್ಯಾಂಟೋ ಒಳಗೆ, ಮುಂದಿಂದು ಹೊರಗೆ, ಒಂದಡಿನೂ ಹೆಚ್ಚುಕಮ್ಮಿ ಆಗ್ಬಾರ್ದು."

"ಆಗಲ್ಲ ಸಾರ್" ಎಂದೆ.

"ಯಾಕೆ? ಒಂದ್ಸಲ ಮಾಡಿದೀರಲ್ಲ?"

"ಅಷ್ಟು ಕರೆಕ್ಟಾಗಿ ಅಲ್ಲೇ ನಿಲ್ಸೋಕೆ ತುಂಬಾ ಭಯ ಬೇಕು ಸಾರ್" ಎಂದೆ. "ಸಹಿ ಸಿಕ್ಕಿದ ಮೇಲೆ ನನ್ನ ಹತ್ರ ಅಷ್ಟು ಸ್ಟಾಕ್ ಇಲ್ಲ. ಈಗೇನಿದ್ರೂ ಇನ್‌ಸ್ಪೆಕ್ಟರ್ ಸಾಹೇಬರನ್ನೇ ಡ್ರೈವರ್ ಸೀಟಲ್ಲಿ ಕೂರಿಸ್ಬೇಕು."